ಹದಿನೈದು ಪೆಂಟಿ ಬೆಲ್ಲ

ನಮ್ಮ ಅಡುಗೆಮನೆಯ ಮೂಲೆಯಲ್ಲಿ, ಹಿಟ್ಟಿನ ಡಬ್ಬಿಯ ಪಕ್ಕದಲ್ಲಿ, ಬಿಳಿ ಬಟ್ಟೆ ಹೊದ್ದುಕೊಂಡು ಒಂದು ಬೆಲ್ಲದ ಪೆಂಟಿ ಕುಳಿತಿದೆ. ಬೆಲ್ಲದ ದೊಡ್ಡ ಅಚ್ಚಿಗೆ ನಮ್ಮ ಬೀದರ ಕಡೆ ಪೆಂಟಿ ಎನ್ನುತ್ತಾರೆ. ಒಂದು ವಾರದಿಂದ ಅದರ ಒಂದು ಮಗ್ಗುಲು ದಿನಕ್ಕಿಷ್ಟು ಸವೆಯುತ್ತಿತ್ತು. ಇಲಿಯಲ್ಲ, ಇಲಿಗೆ ಬಟ್ಟೆಯ ಗಂಟು ಬಿಚ್ಚಿ ಮತ್ತೆ ಕಟ್ಟಲು ಬರುವುದಿಲ್ಲ. ಮಗಳು ಹುಬ್ಬಳ್ಳಿಯಲ್ಲಿ ಓದುತ್ತಾಳೆ. ಮನೆಯಲ್ಲಿರುವವರು ಮೂವರು: ನಾನು, ನಮ್ಮ ಯಜಮಾನರು, ಭಾಲ್ಕಿಯಿಂದ ಬಂದಿರುವ ನಮ್ಮ ಅತ್ತೆ. ಯಜಮಾನರಿಗೆ ಸಕ್ಕರೆ ಕಾಯಿಲೆ, ಬೆಲ್ಲದ ಹೆಸರೆತ್ತಿದರೆ ಬೇರೆ ಕೋಣೆಗೆ ಹೋಗುತ್ತಾರೆ. ಅತ್ತೆಗೆ ಎಪ್ಪತ್ತೆಂಟು ವರ್ಷ, ಬಾಯಲ್ಲಿ ಹಲ್ಲು ನಾಲ್ಕು. ಉಳಿದವಳು ನಾನು, ಎಪ್ಪತ್ತಾರು ಕಿಲೋ. ಗುಮಾನಿ ಯಾರ ಮೇಲೆ ಬರುತ್ತದೆ, ನೀವೇ ಹೇಳಿ.

"ಏನ್ ಮೇಡಂ, ತಿನ್ನೂದಿದ್ರ ತಿನ್ನು. ನಮ್ಮ ಮನಿ ಬೆಲ್ಲ, ಕದ್ದು ಯಾಕ ತಿನ್ನಬೇಕು?" ಎಂದರು ಯಜಮಾನರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆದ್ದರಿಂದ ಅವರಿಗೆ ಚೇಷ್ಟೆ ಮಾಡಬೇಕೆನಿಸಿದಾಗಲೆಲ್ಲ ನಾನು ಮೇಡಂ. ದೇವರಾಣೆ, ನಾನು ಮುಟ್ಟಿರಲಿಲ್ಲ. ಆದರೆ ದಪ್ಪಗಾದ ಹೆಂಗಸು ಬೆಲ್ಲದ ವಿಷಯದಲ್ಲಿ ಆಣೆ ಮಾಡಿದರೆ ಯಾರು ನಂಬುತ್ತಾರೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನೇ ಒಂದೆರಡು ಸಲ ಬೆರಳು ಮೂಸಿ ನೋಡಿಕೊಂಡೆ. ಕಳ್ಳ ಸಿಕ್ಕಿದ್ದು ನಿನ್ನೆ. ಅದನ್ನು ಹೇಳುವ ಮೊದಲು ಈ ಪೆಂಟಿ ನಮ್ಮ ಮನೆಗೆ ಬಂದದ್ದು ಹೇಗೆ ಎಂದು ಹೇಳಬೇಕು. ಅದಕ್ಕೆ ನನ್ನ ತೂಕದ ಸಮಾಚಾರ ಹೇಳಬೇಕು. ಹೋದ ತಿಂಗಳವರೆಗೆ ಅದನ್ನು ನಾನು ಡಾಕ್ಟರಿಗೂ ಕಿವಿಯಲ್ಲಿ ಹೇಳುತ್ತಿದ್ದೆ.

ಮೊದಲಿನಿಂದ ನಾನು ಹೀಗೆ ನಾಚುವವಳಲ್ಲ. ನನ್ನ ತವರು ಔರಾದ ತಾಲ್ಲೂಕಿನ ಠಾಣಾ ಕುಶನೂರ. ಅಪ್ಪ ತೊಗರಿ ಮಾರಲು ಔರಾದಿನ ಅಡತಿ ಅಂಗಡಿಗೆ ಹೋಗುವಾಗ ನನ್ನನ್ನೂ ತಮ್ಮನನ್ನೂ ಬಂಡಿಯಲ್ಲಿ ಚೀಲಗಳ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಚೀಲ ತೂಗುವುದು ಮುಗಿದ ಮೇಲೆ ಹಮಾಲರು ನಮ್ಮಿಬ್ಬರನ್ನೂ ತಕ್ಕಡಿಗೆ ಹತ್ತಿಸಿ, "ಈ ತೊಗರಿ ಹದಿನೆಂಟು ಕಿಲೋ, ಈ ತೊಗರಿ ಹದಿನಾರು" ಎಂದು ಅಂಗಡಿ ತುಂಬ ಕೇಳುವಂತೆ ಕೂಗುತ್ತಿದ್ದರು. ಹದಿನೆಂಟು ನಾನು. ಏನು ಹಮ್ಮು! ತಮ್ಮ ನನಗಿಂತ ಎರಡು ವರ್ಷ ಚಿಕ್ಕವನು. ಮರುವರ್ಷ ಆ ಪಾಪಿ ನನಗಿಂತ ಒಂದು ಕಿಲೋ ಹೆಚ್ಚು ತೂಗಿಬಿಟ್ಟ. ನಾನು ಮನೆ ಮುಟ್ಟುವ ತನಕ ಅಳುತ್ತಲೇ ಇದ್ದೆ. ಅದರ ಮುಂದಿನ ಸಲ ಫ್ರಾಕಿನ ಎರಡೂ ಜೇಬಿಗೆ ಹೊಲದ ಕಲ್ಲು ತುಂಬಿಕೊಂಡು ಹೋದೆ. ತಕ್ಕಡಿ ಹತ್ತುವಾಗ ಜೇಬು ಹರಿದು ಕಲ್ಲುಗಳೆಲ್ಲ ಹಮಾಲನ ಪಾದದ ಮೇಲೆ ಬಿದ್ದವು. ಅವನು ಒಂಟಿಗಾಲಲ್ಲಿ ಕುಣಿದ. ಅಪ್ಪ ಮಾತ್ರ, "ನಮ್ಮ ತೊಗರಿಯಾಗ ಜರಾ ಕಲ್ಲು ಅವ ನೋಡ್ರಿ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಐವತ್ತು ದಾಟಿದ ಮೇಲೆ ನನಗೆ ಕಲ್ಲಿನ ಅಗತ್ಯವೇ ಬೀಳಲಿಲ್ಲ. ತಿನ್ನುವುದು ಅದೇ ಎರಡು ಜೋಳದ ರೊಟ್ಟಿ, ಅದೇ ಪುಂಡಿಪಲ್ಲೆ. ಆದರೂ ಎರಡು ವರ್ಷಗಳಲ್ಲಿ ಹದಿನಾರು ಕಿಲೋ ಬಂದು ಸೇರಿತು. ಮೈತುಂಬ ಹಂಚಿಕೊಂಡು ಬಂದಿದ್ದರೆ ನಾನೂ ಸೈರಿಸಿಕೊಳ್ಳುತ್ತಿದ್ದೆ. ಹೇಳದೆ ಕೇಳದೆ ಬಂದ ನೆಂಟರು ಪಡಸಾಲೆಯಲ್ಲೇ ಹಾಸಿಗೆ ಬಿಡಿಸಿದ ಹಾಗೆ ಎಲ್ಲವೂ ಹೊಟ್ಟೆಯ ಸುತ್ತಲೇ ಕುಳಿತಿತು.

ಅದರ ಜೊತೆಗೆ ಝಳ. ನೀವು ಬೀದರಿನ ಚಳಿ ಕಂಡಿದ್ದೀರೋ ಇಲ್ಲವೋ, ಡಿಸೆಂಬರಿನಲ್ಲಿ ಬೆಳಗಿನ ಹತ್ತು ಗಂಟೆಗೂ ಹುಡುಗಿಯರು ಸ್ವೆಟರ್ ಬಿಚ್ಚುವುದಿಲ್ಲ. ನಾನು ಹತ್ತನೇ ತರಗತಿಗೆ ಗ್ರಂಥಿಗಳ ಪಾಠ ಮಾಡುತ್ತಿದ್ದೆ. ಇದ್ದಕ್ಕಿದ್ದಂತೆ ಎದೆಯಿಂದ ಒಲೆ ಹೊತ್ತಿಕೊಂಡು ಕಿವಿಯವರೆಗೆ ಏರಿತು. ಹಣೆಯ ಬೆವರು ಮೂಗಿಗಿಳಿದು ಹಾಜರಿ ಪುಸ್ತಕದ ಮೇಲೆ ತೊಟ್ಟಿಕ್ಕಿತು. ಫ್ಯಾನು ಹಾಕಿಸಿದೆ. "ಟೀಚರ್, ಥಂಡಿ ರಿ" ಎಂದು ಹುಡುಗಿಯರು ಒಬ್ಬರಿಗೊಬ್ಬರು ಅಂಟಿಕೊಂಡು ಕುಳಿತರು. "ಸುಮ್ಮ ಕೂಡ್ರಿ! ಥಂಡಿ ಎಲ್ಲದ?" ಎಂದು ಗದರಿದೆ. ಐದು ನಿಮಿಷಕ್ಕೆ ನನಗೇ ಚಳಿಯಾಗಿ ಹಲ್ಲು ಕಟಕಟ ಎಂದಿತು. ಫ್ಯಾನು ಆರಿಸಲು ಮಾನ ಅಡ್ಡ ಬಂದು, ನಲವತ್ತು ಹುಡುಗಿಯರ ಜೊತೆ ನಾನೂ ನಡುಗುತ್ತ ಪಾಠ ಮುಗಿಸಿದೆ.

ಡಾಕ್ಟರಮ್ಮ ಎಲ್ಲ ಕೇಳಿ ನಕ್ಕರು. "ಟೀಚರ್, ಇದು ಮುಟ್ಟು ನಿಲ್ಲೂ ಕಾಲ ರಿ. ಹಾರ್ಮೋನು ಕಮ್ಮಿ ಆಗ್ತಾವ. ಝಳ ಬರ್ತದ, ಸಿಟ್ಟು ಬರ್ತದ, ಕೊಬ್ಬು ಹೊಟ್ಟಿ ಸುತ್ತ ಬಂದು ಕೂಡ್ತದ. ನೀವೇ ಪಾಠ ಮಾಡ್ತೀರಲ್ಲ, ಗೊತ್ತಾಗ್ಲಿಲ್ಲೇನ್ರಿ?"

"ಅದು ಪರೀಕ್ಷಾಕ್ಕ ಬರೂದು ರಿ. ಮೈಗಿ ಬರ್ತದ ಅಂತ ಯಾರು ತಿಳ್ಕೊಂಡಿದ್ರು?" ಎಂದೆ. ಅವರು ನಡೆಯಲು ಹೇಳಿದರು, ಎಣ್ಣೆ ಕಡಿಮೆ ಮಾಡಲು ಹೇಳಿದರು, ಸಿಟ್ಟನ್ನು ಯಜಮಾನರ ಮೇಲೆ ತೀರಿಸಬಾರದೆಂದೂ ಹೇಳಿದರು. ಕೊನೆಯದು ನನಗೆ ನೆನಪುಳಿಯಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ನನ್ನ ತೂಕ ನನಗೂ ಡಾಕ್ಟರಿಗೂ ಮಾತ್ರ ಗೊತ್ತಿರುತ್ತಿತ್ತು. ಆದರೆ ಎಳ್ಳ ಅಮಾವಾಸ್ಯೆ ಬಂತು. ಆ ದಿನ ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ. ನಾವೂ ಭಾಲ್ಕಿಯ ಹೊಲಕ್ಕೆ ಹೋದೆವು. ಎಲ್ಲರೂ ಶಾಲು ಹೊದ್ದು ಸಾಲಾಗಿ ಕುಳಿತಿದ್ದರು. ಹತ್ತಾರು ಕಾಳು, ಸೊಪ್ಪು ಹಾಕಿ ಕುದಿಸಿದ ಭಜ್ಜಿಯನ್ನು ನಾನು ಬಡಿಸುತ್ತಿದ್ದೆ. ಅರ್ಧ ಸಾಲು ಬಡಿಸುವಷ್ಟರಲ್ಲಿ ಝಳ ಹೊಡೆಯಿತು. ಸೌಟು ಅಲ್ಲೇ ಬಿಟ್ಟು ಓಡಿ ಪಂಪಿನ ನೀರಿಗೆ ತಲೆಯೊಡ್ಡಿ ನಿಂತೆ. ಸೀರೆ ತೊಯ್ದು, ಕುಂಕುಮ ಇಳಿದು, ಕೂದಲು ಬಿಚ್ಚಿ ತಿರುಗಿ ನೋಡಿದರೆ ಇಡೀ ಸಾಲು ಊಟ ಬಿಟ್ಟು ನನ್ನನ್ನೇ ನೋಡುತ್ತಿದೆ.

ಅತ್ತೆ ಎದ್ದು ಬಂದು ಕೈ ಮುಗಿದರು. ನನಗಲ್ಲ, ನನ್ನ ಹಿಂದಿನ ಆಕಾಶಕ್ಕೆ. "ತಾಯಿ ಭವಾನಿ, ತಪ್ಪಾಗ್ಯಾದವ್ವ! ನೆನಪು ಮಾಡ್ಲತ್ತಿ ಅಂತ ತಿಳೀತು!"

"ಅತ್ತಿ, ದೇವಿ ಅಲ್ರಿ. ಹಾರ್ಮೋನು!"

"ಅಕಿ ಹೆಸರು ಏನರ ಇರ್ಲಿ. ಹರಕಿ ಬಾಕಿ ಅದ!"

ಮದುವೆಯಾದ ಮರುವರ್ಷ ನನಗೆ ಕಾಮಾಲೆಯಾಗಿತ್ತು. ಕಣ್ಣು, ಉಗುರು ಎಲ್ಲ ಅರಿಸಿನ. ತೂಕ ನಲವತ್ತೊಂದು ಕಿಲೋಗೆ ಇಳಿದಿತ್ತು. ಬೀದರಿನ ದವಾಖಾನೆಗೆ ಒಯ್ಯಲು ಜೀಪು ಬಂದಾಗ ನನಗೆ ಏಳಲೂ ತ್ರಾಣವಿರಲಿಲ್ಲ. ಅತ್ತೆ ನನ್ನನ್ನು ಹಾಸಿಗೆಯಿಂದ ಎರಡೂ ಕೈಯಲ್ಲಿ ಎತ್ತಿ ಜೀಪಿಗೆ ಹಾಕಿ, ದಾರಿಯುದ್ದಕ್ಕೂ ತೊಡೆಯ ಮೇಲೆ ಮಲಗಿಸಿಕೊಂಡಿದ್ದರಂತೆ. ಹೊರಡುವ ಮುನ್ನ ಓಣಿಯ ಭವಾನಿ ಗುಡಿಯ ಮುಂದೆ ಜೀಪು ನಿಲ್ಲಿಸಿ, ಸೊಸೆ ಉಳಿದರೆ ಆಕೆಯ ತೂಕದಷ್ಟು ಬೆಲ್ಲ ಕೊಡುತ್ತೇನೆಂದು ಹರಕೆ ಹೊತ್ತರಂತೆ. ನಾನು ಉಳಿದೆ. ಹರಕೆಯೂ ಉಳಿಯಿತು. ಒಂದು ವರ್ಷ ಮಾವ ತೀರಿಕೊಂಡರು, ಇನ್ನೊಂದು ವರ್ಷ ಮನೆ ಕಟ್ಟಿದರು, ಹಾಗೇ ಇಪ್ಪತ್ತಾರು ವರ್ಷ ಹೋಯಿತು.

ಈಗ ತುಲಾಭಾರ! ಗುಡಿಯ ಮುಂದೆ ತಕ್ಕಡಿ ಕಟ್ಟಿ, ಒಂದು ಕಡೆ ನನ್ನನ್ನು ಕೂರಿಸಿ, ಇನ್ನೊಂದು ಕಡೆ ಬೆಲ್ಲ ಏರಿಸುವುದು. ಓಣಿಯ ಮಂದಿಯ ಎದುರು. ನೆಂಟರ ಎದುರು. ಎಲ್ಲಕ್ಕಿಂತ ಮಿಗಿಲಾಗಿ ನನ್ನ ನಾದಿನಿ ಸುನಂದಾಳ ಎದುರು. ಸುನಂದಾ ಇರುವುದು ಕಮಲನಗರದಲ್ಲಿ, ವಯಸ್ಸು ನಲವತ್ನಾಲ್ಕು, ಸೊಂಟ ಇಪ್ಪತ್ತರದು. ಅವಳ ಕಿವಿಗೆ ಬಿದ್ದದ್ದು ಕನ್ನಡದಲ್ಲಿ ಅರ್ಧ ಜಿಲ್ಲೆಗೆ, ಮರಾಠಿಯಲ್ಲಿ ಗಡಿಯಾಚೆಗೆ ತಲುಪುತ್ತದೆ. ನಾನು ವಕೀಲಿ ಶುರು ಮಾಡಿದೆ.

"ಅತ್ತಿ, ಹರಕಿ ಹೊತ್ತಾಗ ನಾ ನಲವತ್ತೊಂದು ಕಿಲೋ ಇದ್ದೆ. ನಲವತ್ತೊಂದು ಕಿಲೋ ಬೆಲ್ಲ ಕೊಟ್ಟುಬಿಟ್ರ ಬರೋಬರಿ ಆಗ್ತದ ರಿ. ತಕಡಿ ಯಾಕ?"

"ದೇವಿ ಸಂಗಟ ಸೌದಾ ಮಾಡ್ತಿಯೇನ? ತಕಡ್ಯಾಗ ಕೂಡೂದು ಆವಾಗಿನ ಸರೋಜಾನೋ, ಈಗಿನಕಿನೋ?"

ಈಗಿನವಳೇ ಎಂದು ಒಪ್ಪಿಕೊಳ್ಳಬೇಕಾಯಿತು. ಕಬ್ಬಿನ ಗಾಣದವರ ಹತ್ತಿರ ಹೊಸ ಬೆಲ್ಲ ಬರಲೆಂದು ಒಂದು ತಿಂಗಳು ಬಿಟ್ಟು ಶುಕ್ರವಾರ ಗೊತ್ತು ಮಾಡಿದರು. ಒಂದು ತಿಂಗಳು! ನಾನು ಮನಸ್ಸಿನಲ್ಲೇ ಹತ್ತು ಕಿಲೋ ಇಳಿಸಿದೆ. ಮರುದಿನದಿಂದ ಬೀದರಿನ ಕೋಟೆಯೊಳಗೆ ಬೆಳಿಗ್ಗೆ ನಡೆದೆ. ಒಂದು ಭಾನುವಾರ ಹುರುಪು ಹೆಚ್ಚಾಗಿ ಅಷ್ಟೂರಿನ ಗೋರಿಗಳ ತನಕ ನಡೆದು, ಕಾಲು ಬಾತು, ಸುಲ್ತಾನರ ನೆರಳಲ್ಲಿ ಕುಳಿತು ಒಂದು ಕಿಲೋ ಪೇರಲ ತಿಂದು, ಆಟೋದಲ್ಲಿ ಮನೆಗೆ ಬಂದೆ. ರೊಟ್ಟಿ ಎರಡಿದ್ದದ್ದು ಒಂದು ಮಾಡಿದೆ. ಮೂರು ವಾರದ ಮೇಲೆ ತೂಗಿ ನೋಡಿದರೆ ಅರ್ಧ ಕಿಲೋ ಹೆಚ್ಚಾಗಿತ್ತು. ಅವತ್ತು ಅಡುಗೆಮನೆಯಲ್ಲಿ ನೆಲಕ್ಕೆ ಕುಳಿತು ನಿಜವಾಗಿ ಅತ್ತುಬಿಟ್ಟೆ. ನನ್ನ ಮೈ ನನ್ನ ಮಾತು ಕೇಳುತ್ತಿಲ್ಲವೆಂಬುದು ತಮಾಷೆಯ ವಿಷಯವಲ್ಲ. ಹದಿನಾಲ್ಕನೇ ವಯಸ್ಸಿನಲ್ಲಿ, ಮುಟ್ಟು ಶುರುವಾದಾಗ, ಒಂದು ಸಲ ಅದು ಹೀಗೇ ನನ್ನ ಕೈಮೀರಿತ್ತು. ಆಗ ಸಮಾಧಾನ ಹೇಳಲು ಅವ್ವ ಇದ್ದಳು.

ಯಜಮಾನರು ಬಂದು ಎದುರಿಗೆ ಕುಳಿತರು. "ಮೇಡಂ, ಫಿಕರ್ ಮಾಡಬ್ಯಾಡ. ಮಂದಿ ಕಿಲೋ ಎಣಸಂಗಿಲ್ಲ, ಪೆಂಟಿ ಎಣಸ್ತಾರ" ಎಂದರು.

ಪೆಂಟಿ ಎಂದರೆ ಹತ್ತು ಕಿಲೋ, ಇದು ನಮ್ಮ ಕಡೆ ಎಲ್ಲರ ತಲೆಯಲ್ಲೂ ಕುಳಿತ ಲೆಕ್ಕ. ಗಾಣದ ಮಾಣಿಕರಾವ್ ಇವರ ಜೊತೆ ಓದಿದವರು. ಅವರಿಗೆ ಹೇಳಿ ಹದಿನೈದು ಕಿಲೋದ ದೊಡ್ಡ ಪೆಂಟಿ ಹಾಕಿಸಿದರೆ ಐದರಲ್ಲಿ ತಕ್ಕಡಿ ಏಳುತ್ತದೆ, ಮೇಲೊಂದು ಚೂರು. ನೋಡಿದವರು "ಐದು ಪೆಂಟಿ, ಅಂದರೆ ಐವತ್ತು ಕಿಲೋ" ಎಂದುಕೊಂಡು ಹೋಗುತ್ತಾರೆ. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅವರ ಮೇಲೆ ನನಗೆ ಅಷ್ಟು ಪ್ರೀತಿ ಯಾವತ್ತೂ ಉಕ್ಕಿರಲಿಲ್ಲ. ದೇವರ ಮುಂದೆ ಮೋಸವಲ್ಲವೇ ಎಂದು ಒಂದು ಕ್ಷಣ ಅಳುಕಿತು. ಬೆಲ್ಲ ಪೂರಾ ಕೊಡುತ್ತೇವಲ್ಲ, ಮೋಸ ಮಂದಿಗೆ ಮಾತ್ರ ಎಂದು ಸಮಾಧಾನ ಮಾಡಿಕೊಂಡೆ.

ಆದರೆ ನಾನು ಚಾಪೆಯ ಕೆಳಗೆ ತೂರಿದರೆ ನಮ್ಮ ಅತ್ತೆ ರಂಗೋಲಿಯ ಕೆಳಗೆ ತೂರುವವರು. ಶುಕ್ರವಾರ ಭಾಲ್ಕಿಯ ಗುಡಿಯ ಮುಂದೆ ಓಣಿಯೆಲ್ಲ ನೆರೆದಿತ್ತು. ಅಡತಿ ಅಂಗಡಿಯಿಂದ ತಂದ ದೊಡ್ಡ ತಕ್ಕಡಿಗೆ ಚೆಂಡುಹೂವಿನ ಹಾರ. ನಾನು ಐದು ಪೆಂಟಿಯ ಧೈರ್ಯದಲ್ಲಿ ರೇಷ್ಮೆ ಸೀರೆಯುಟ್ಟು, ನಗುನಗುತ್ತ ಹಲಗೆಯ ಮೇಲೆ ಕುಳಿತೆ. ಸುನಂದಾ ಮೊಬೈಲ್ ಎತ್ತಿ ಹಿಡಿದು, "ವೈನಿ, ಇಕಡೆ ನೋಡ್ರಿ, ಎಲ್ಲಾರೂ ಲೈವ್ ನೋಡ್ಲತ್ತಾರ!" ಎಂದಳು. ಗೋಣಿಚೀಲ ಸರಿಸಿದರು. ಒಳಗೆ ಇದ್ದದ್ದು ದೊಡ್ಡ ಪೆಂಟಿಯಲ್ಲ, ಹತ್ತು ಕಿಲೋದ್ದೂ ಅಲ್ಲ. ಮುದ್ದುಮುದ್ದಾದ ಐದೈದು ಕಿಲೋದ ಮರಿಪೆಂಟಿಗಳು, ಒಂದು ರಾಶಿ! ನಾನು ಯಜಮಾನರನ್ನು ನೋಡಿದೆ. ಅವರು ಗುಡಿಯ ಕಳಸ ನೋಡುತ್ತಿದ್ದರು.

ಆದದ್ದು ಇಷ್ಟೇ. ಎರಡು ದಿನ ಮೊದಲು ಅತ್ತೆ ತಾವೇ ಗಾಣಕ್ಕೆ ಹೋಗಿದ್ದರು. ದೊಡ್ಡ ಪೆಂಟಿ ನೋಡಿ, "ಮಾಣಿಕಾ, ಇದನ್ನ ಯಾವ ಹೆಣ್ಮಗಳು ಎತ್ತಿ ಮನಿಗಿ ಒಯ್ತಾಳೋ? ಮನಿಗೊಂದು ಹಂಚಬೇಕು, ಸಣ್ಣವ ಮಾಡು" ಎಂದು ಬೈದು, ಹೊಸದಾಗಿ ಹಾಕಿಸಿದ್ದರು.

ಅತ್ತೆ ಒಂದೊಂದನ್ನೇ ತಕ್ಕಡಿಗೆ ಇಟ್ಟರು. ಸುನಂದಾ ಎಣಿಕೆ ಎತ್ತಿದಳು, ಹೆಂಗಸರೆಲ್ಲ ದನಿಗೂಡಿಸಿದರು. ಐದು. ನಾನು ನೆಲ ಬಿಡಲಿಲ್ಲ. ಎಂಟು. "ಆವಾಗಿನ ಸರೋಜಾ ಆಗಿದ್ರ ಇಲ್ಲಿಗಿ ಏಳತಿದ್ಳು" ಎಂದು ಅತ್ತೆ ಪೂಜಾರಿಯ ಮೈಕಿಗೆ ಕೇಳುವಂತೆ ಹೇಳಿದರು. ಹತ್ತು. ಹನ್ನೊಂದು ಎನ್ನುವಾಗ ಹೆಂಗಸರ ದನಿಯಲ್ಲಿ ಭಕ್ತಿ ಹೋಗಿ ಬೆರಗು ಬಂತು. ಹದಿಮೂರು. ಯಾರೋ "ಅಯ್ಯಯ್ಯ" ಎಂದರು. ಹದಿನೈದಕ್ಕೆ ನನ್ನ ಹಲಗೆ ಅಲುಗಿತು. ಅತ್ತೆ ಮೇಲೊಂದು ಚೂರು ಇಟ್ಟಮೇಲೆ ನಾನು ನೆಲ ಬಿಟ್ಟೆ. ಚಪ್ಪಾಳೆ ಬಿತ್ತು. ಅದೇ ಹೊತ್ತಿಗೆ ಝಳವೂ ಬಂತು.

ಹಲಗೆಯಿಂದ ಇಳಿಯುವ ಮೊದಲೇ ನನ್ನ ಮೊಬೈಲ್ ಹೊಡೆದುಕೊಂಡಿತು. ಠಾಣಾ ಕುಶನೂರದ ದೊಡ್ಡವ್ವ. ಲೈವ್ ನೋಡಿದ್ದಳು. ಅಳುತ್ತಿದ್ದಳು.

"ಸರೋಜಾ, ಹದಿನೈದು ಪೆಂಟಿ ಅಂದ್ರ ಒಂದೂವರಿ ಕ್ವಿಂಟಲ್ ಆಯ್ತಲ್ಲವ್ವಾ! ಏನಾಗ್ಯಾದ ನಿನಗ? ಮೈಯಾಗ ನೀರು ತುಂಬ್ಯಾದೇನ? ನಮಗೊಂದು ಮಾತು ಯಾಕ ಹೇಳಲಿಲ್ಲ?"

ಸುತ್ತ ನೋಡಿದೆ. ಹಿಂದಿನ ಸಾಲಿನವರೂ ಬೆರಳು ಮಡಚಿ ಅದೇ ಗುಣಾಕಾರ ಮಾಡುತ್ತಿದ್ದರು. ನೂರೈವತ್ತು ಕಿಲೋ! ಎಪ್ಪತ್ತಾರನ್ನು ಮುಚ್ಚಲು ಹೋಗಿ ನಾನು ಈಗ ಜಿಲ್ಲೆಯ ಅತಿ ಭಾರದ ಹೆಂಗಸಾಗಿದ್ದೆ. ಮಾನ ಉಳಿಸಿಕೊಳ್ಳಲು ಒಂದೇ ದಾರಿಯಿತ್ತು. ಪೂಜಾರಿಯ ಕೈಯಿಂದ ಮೈಕು ಕಸಿದುಕೊಂಡೆ.

"ಕೇಳ್ರಿ ಎಲ್ಲಾರೂ! ಈ ಪೆಂಟಿ ಐದೈದು ಕಿಲೋದವ! ನನ್ನ ತೂಕ ಎಪ್ಪತ್ತಾರು ಕಿಲೋ! ಎಪ್ಪತ್ತಾರು! ಬರೇ ಎಪ್ಪತ್ತಾರು!"

ಗುಡಿಯ ಮೇಲಿನ ಧ್ವನಿವರ್ಧಕದಿಂದ ನನ್ನ ತೂಕ ಭಾಲ್ಕಿಯ ನಾಲ್ಕು ಓಣಿಗೆ ಕೇಳಿತು. ಆಮೇಲೆ ಎದ್ದ ನಗುವಿನಲ್ಲಿ ಮೊದಲ ದನಿ ನನ್ನದೇ. ಎರಡು ವರ್ಷ ಸೀರೆಯ ನೆರಿಗೆಯಲ್ಲಿ ಬಚ್ಚಿಟ್ಟದ್ದನ್ನು ಕೂಗಿ ಹೇಳಿದ ಮೇಲೆ ಎಷ್ಟು ಹಗುರಾಯಿತೆಂದರೆ, ಮತ್ತೆ ತೂಗಿದ್ದರೆ ಒಂದು ಪೆಂಟಿ ಕಡಿಮೆ ಬೀಳುತ್ತಿತ್ತೇನೋ.

ಬೆವರು ಸುರಿಸುತ್ತ ಕಟ್ಟೆಯ ಮೇಲೆ ಕುಳಿತಾಗ ಅತ್ತೆ ಸೆರಗಿನಿಂದ ಗಾಳಿ ಹಾಕಿದರು. "ನನಗೂ ಹಿಂಗೇ ಝಳ ಬರ್ತಿತ್ತು. ಫರಸಿ ಕಲ್ಲಿನ ಮ್ಯಾಲೆ ಹಸಿ ಸೆರಗು ಹೊದ್ದು ಮಲಗ್ತಿದ್ದೆ. ನಮ್ಮತ್ತಿ ಸೋಗು ಮಾಡ್ತಾಳ ಅಂದ್ರು."

ನಾನು ಬೆರಗಾದೆ. "ಮತ್ತ ಹೊಲದಾಗ ದೇವಿ ಅಂದ್ರಲ್ಲ ಅತ್ತಿ?"

"ಝಳ ಅಂದ್ರ ಮಂದಿ ನಗ್ತಾರ. ದೇವಿ ಅಂದ್ರ ಕೈ ಮುಗೀತಾರ. ನನಗ ಇಷ್ಟರ ತಿಳೀತದ." ಆಮೇಲೆ ತಮ್ಮ ಒಣಗಿದ ಎರಡು ಕೈ ಚಾಚಿ ತೋರಿಸಿದರು. "ಅವತ್ತು ಇದೇ ಕೈಲಿಂದ ನಿನ್ನ ಕೂಸಿನಂಗ ಎತ್ತಿದ್ದೆ. ಎಷ್ಟು ಹಗೂರ ಇದ್ದಿ ಅಂದ್ರ, ಎದಿ ಧಸಕ್ಕಂದಿತ್ತು. ಇವತ್ತು ನಿನ್ನ ಎತ್ತಬೇಕಂದ್ರ ನಾಕು ಮಂದಿ ಬರಬೇಕು. ಅದೇ ನಾ ದೇವಿಗಿ ಬೇಡಿದ್ದು. ನಾಚಿಕಿ ಯಾಕ?"

ಆ ಕೈಗಳನ್ನು ನನ್ನ ಕೈಯಲ್ಲಿ ಹಿಡಿದುಕೊಂಡೆ. ಕಣ್ಣು ಒರೆಸಿಕೊಳ್ಳುವಾಗ ಸುನಂದಾ ಮೆಲ್ಲಗೆ ಬಂದು ಪಕ್ಕದಲ್ಲಿ ಕುಳಿತಳು. ಮೊಬೈಲ್ ಆರಿಸಿದ್ದಳು. "ವೈನಿ, ಕಾಯ್ ಸಾಂಗು, ಏನ್ ಹೇಳ್ಲಿ... ನನಗೂ ಎರಡು ತಿಂಗಳಿಂದ ಝಳ ಬರ್ಲತ್ತದ ರಿ. ಡಾಕ್ಟರ್ ಯಾರು ನಿಮಗ?" ಎಂದಳು. ಅವಳ ಸೊಂಟದ ಮೇಲೆ ನನಗಿದ್ದ ದ್ವೇಷ ಅಲ್ಲಿಗೆ ತೀರಿತು.

ಹದಿನಾಲ್ಕು ಪೆಂಟಿ ಓಣಿಯ ಹದಿನಾಲ್ಕು ಮನೆಗೆ ಹೋದವು. ಹದಿನೈದನೆಯದು ನಮ್ಮ ಮನೆಗೆ ಬಂತು. ಅದರ ಹಿಂದೆಯೇ ಅತ್ತೆಗೆ ಜ್ವರ ಬಂದು, ಬೀದರಿಗೆ ಕರೆತಂದೆವು. ದವಾಖಾನೆಯಲ್ಲಿ ತೂಗಿದರೆ ಮೂವತ್ತೆಂಟು ಕಿಲೋ. ನನ್ನ ನಲವತ್ತೊಂದು ನೆನಪಾಗಿ ನನ್ನ ಎದೆಯೂ ಧಸಕ್ಕೆಂದಿತು. ಅಲ್ಲೇ ಬಾಗಿಲಲ್ಲಿ ನಿಂತು, ವಿಜ್ಞಾನದ ಟೀಚರ್ ಎಂಬುದನ್ನು ಬದಿಗಿಟ್ಟು, ಅತ್ತೆ ಚೇತರಿಸಿಕೊಂಡರೆ ಅವರ ತೂಕದ ಬೆಲ್ಲ ಕೊಡುತ್ತೇನೆಂದು ಹರಕೆ ಹೊತ್ತೆ. ಜ್ವರ ಇಳಿಯಿತು. ಹೋದ ವಾರ ಅವರಿಗೆ ಹರಕೆಯ ಸುದ್ದಿ ಹೇಳಿದೆ. ಖುಷಿಯಿಂದ ಅರಳಿದರು. "ಎಷ್ಟು ಪೆಂಟಿ ಆಗ್ತದ?" ಎಂದರು. ಎಂಟೂ ತುಂಬುವುದಿಲ್ಲ ಎಂದೆ. ಮುಖ ಬಾಡಿತು.

ನಿನ್ನೆ ಶಾಲೆ ಬೇಗ ಬಿಟ್ಟಿತು. ಮನೆಗೆ ಬಂದರೆ ಅಡುಗೆಮನೆಯಲ್ಲಿ ಅತ್ತೆ ಪೆಂಟಿಯ ಮುಂದೆ ಪದ್ಮಾಸನ ಹಾಕಿ ಕುಳಿತಿದ್ದಾರೆ. ತಟ್ಟೆಯಲ್ಲಿ ಮುರಿದ ರೊಟ್ಟಿ, ಮೇಲೆ ತುಪ್ಪ, ಕುಟ್ಟಾಣಿಯಲ್ಲಿ ಕುಟ್ಟಿದ ಬೆಲ್ಲ. ನಾಲ್ಕು ಹಲ್ಲಿನ ಬಾಯಿ ತುಂಬಿಹೋಗಿದೆ.

"ಅತ್ತಿ! ಇದೇನ್ರಿ?"

ಅತ್ತೆ ನಿಧಾನವಾಗಿ ನುಂಗಿದರು. ಸ್ವಲ್ಪವೂ ನಾಚಲಿಲ್ಲ.

"ಸೊಸಿ ಹದಿನೈದು ಪೆಂಟಿ, ಅತ್ತಿ ಎಂಟೂ ಇಲ್ಲ ಅಂದ್ರ ಮಂದಿ ಏನಂದಾರು? ತುಲಾಭಾರ ಜರಾ ಮುಂದ ಹಾಕು, ಸರೋಜಾ. ನಾ ಹತ್ತು ಪೆಂಟಿಯರ ಮುಟ್ತೇನಿ."

ನಾನು ಕೈತೊಳೆದು ಬಂದು ಇನ್ನೊಂದು ರೊಟ್ಟಿಗೆ ತುಪ್ಪ ಸವರಿದೆ.